ಕ್ಯಾಂಪಿಂಗ್ ಮುಗಿಸಿ ಬಂದ ಟ್ರೇಲರಿಗೆ ಸಿಲಿಕೋನ್ ಮೆತ್ತಬೇಡಿ

ಚಿಕಾಗೊ ಹತ್ತಿರದ ಒಂದು ಕನ್ನಡ ಕುಟುಂಬದ 24 ಅಡಿ ಟ್ರಾವೆಲ್ ಟ್ರೇಲರಿನ, ಅಂದರೆ ಗಾಡಿಯ ಹಿಂದೆ ಎಳೆದುಕೊಂಡು ಹೋಗುವ ಚಕ್ರದ ಮನೆಯ, ಕತೆ ಇದು. ಎರಡು ಆಕ್ಸಲ್, ರಬ್ಬರ್ ಹೊದಿಕೆಯ ಮಾಡು (ಚಾವಣಿ), ಫೈಬರ್‌ಗ್ಲಾಸ್ ಗೋಡೆ. ಸೆಪ್ಟೆಂಬರಿನಲ್ಲಿ ಮಿಶಿಗನ್ ಸರೋವರದ ದಡದಲ್ಲಿ ಮೂರು ರಾತ್ರಿ ಮಳೆಗೆ ಸಿಕ್ಕಿ ವಾಪಸ್ ಬಂದಾಗ ಇದ್ದ ದೂರು ಮೂರೇ. ಹಾಸಿಗೆಯ ಮೇಲೆ ಸೀಲಿಂಗಿನಲ್ಲಿ ಅಂಗೈಯಗಲದ ಟೀ ಬಣ್ಣದ ಕಲೆ, ಉಳಿದವಕ್ಕಿಂತ ಬಿಸಿಯಾಗುತ್ತಿದ್ದ ಒಂದು ಹಬ್ (ಚಕ್ರದ ನಡುಭಾಗ), ಮತ್ತೆ ಮತ್ತೆ ಇಳಿದುಹೋಗುತ್ತಿದ್ದ ಬ್ಯಾಟರಿ. ಎರಡು ವಾರಾಂತ್ಯದಲ್ಲಿ ಮೂರಕ್ಕೂ ರಿಪೇರಿ ಆಯಿತು, ಚಳಿಗಾಲಕ್ಕೆ ಕವರ್ ಕೂಡ ಬಿತ್ತು. ಏಪ್ರಿಲಿನಲ್ಲಿ ಕವರ್ ತೆಗೆದಾಗ ಗೋಡೆ ಉಬ್ಬಿತ್ತು, ಒಳಗಿನ ಎಲೆಕ್ಟ್ರಾನಿಕ್ಸ್ ಸುಟ್ಟಿತ್ತು. ಬ್ರೇಕ್ ಹೋಗಿರುವುದು ಗೊತ್ತಾಗಿದ್ದು ಮೇ ತಿಂಗಳಲ್ಲಿ, ರಸ್ತೆಯ ಮೇಲೆ. ದೂರು ತಂದ ಹಾನಿಗಿಂತ ರಿಪೇರಿ ತಂದ ಹಾನಿಯೇ ದೊಡ್ಡದಾಯಿತು.

ಮೊದಲು ಮಾಡಿನ ವಿಷಯ. ದುಬಾರಿ ತಪ್ಪು ಅದೇ, ಮತ್ತು ಅತಿ ಹೆಚ್ಚು ಜನ ಮಾಡುವ ತಪ್ಪೂ ಅದೇ.

ಕಲೆಯ ನೆತ್ತಿಯ ಮೇಲೆ ಏಣಿ ಹತ್ತಿ ನೋಡಿದಾಗ ಗಾಳಿಕಿಂಡಿಯ ಫ್ಲೇಂಜಿನ, ಅಂದರೆ ಮಾಡಿಗೆ ಸ್ಕ್ರೂ ಮಾಡಿದ ಅಂಚಿನ, ಸುತ್ತ ಸಂದಿ ಮುಚ್ಚುವ ಹಳೆಯ ಸೀಲೆಂಟ್ ಬಿರುಕು ಬಿಟ್ಟಿತ್ತು. ಹಾರ್ಡ್‌ವೇರ್ ಅಂಗಡಿಯಿಂದ ಬಾತ್‌ರೂಮ್ ಸಿಲಿಕೋನ್ ತಂದು, ಬಿರುಕಿನ ಮೇಲೆ ಬೆರಳಲ್ಲಿ ಸವರಿ, ನುಣ್ಣಗೆ ಮಾಡಿ ಇಳಿದರು. ನೋಡಲು ಅಚ್ಚುಕಟ್ಟು. ಆದರೆ ಮಾಡಿನ ಹೊದಿಕೆಯಾದ ಇಪಿಡಿಎಂ ಜಾತಿಯ ರಬ್ಬರಿಗೆ ಸಿಲಿಕೋನ್ ನಿಜವಾಗಿ ಅಂಟುವುದಿಲ್ಲ, ಸುಮ್ಮನೆ ಕೂತಿರುತ್ತದೆ. ಚಳಿಗೆ ಮಾಡು ಸಂಕುಚಿಸಿದಾಗ ಅಂಚು ಎದ್ದು, ಕೂದಲೆಳೆಯಷ್ಟು ಸಂದಿಯಾಗುತ್ತದೆ. ಹಗಲು ಕರಗಿದ ಹಿಮದ ನೀರು ಅದರೊಳಗೆ ಇಳಿಯುತ್ತದೆ, ರಾತ್ರಿ ಹೆಪ್ಪುಗಟ್ಟಿ ಸಂದಿಯನ್ನು ಇನ್ನಷ್ಟು ಅಗಲಿಸುತ್ತದೆ. ಒಳಗೆ ಹೋದ ನೀರು ಆವಿಯಾಗಲು ದಾರಿಯಿಲ್ಲ, ಯಾಕೆಂದರೆ ಮೇಲೆ ಸಿಲಿಕೋನಿನ ಮುಚ್ಚಳ. ಹೊದಿಕೆಯ ಕೆಳಗಿನ ತೆಳು ಪ್ಲೈವುಡ್ ಐದಾರು ತಿಂಗಳು ನೆಂದರೆ ಏನಾಗುತ್ತದೋ ಅದೇ ಆಯಿತು. ಏಪ್ರಿಲಿನಲ್ಲಿ ಸ್ಕ್ರೂಡ್ರೈವರಿನ ತುದಿ ಒತ್ತಿದರೆ ನೆನೆಸಿದ ರಸ್ಕಿನಲ್ಲಿ ಹೋದಂತೆ ಹೋಯಿತು. ನೀರು ಗೋಡೆಯೊಳಗೂ ಇಳಿದು, ಫೈಬರ್‌ಗ್ಲಾಸ್ ಹಾಳೆಗೂ ಅದರ ಹಿಂದಿನ ತೆಳು ಪ್ಲೈಗೂ ನಡುವಿನ ಅಂಟು ಬಿಟ್ಟಿತ್ತು. ಹಾಗಾಗಿಯೇ ಹಪ್ಪಳದ ಗುಳ್ಳೆಯಂಥ ಆ ಉಬ್ಬು. ಒಮ್ಮೆ ಉಬ್ಬಿದ ಗೋಡೆಯನ್ನು ಮೊದಲಿನಂತೆ ಮಾಡುವುದು ಬಹಳ ಕಷ್ಟ. ನಿಧಾನ ಸೋರಿಕೆಯನ್ನು ಇನ್ಶೂರೆನ್ಸಿನವರು ನಿರ್ವಹಣೆಯ ಲೋಪ ಎಂದು ಸಾಮಾನ್ಯವಾಗಿ ಕೈಬಿಡುತ್ತಾರೆ.

ಸರಿಯಾದ ದಾರಿ ಉದ್ದ, ಆದರೆ ಕಷ್ಟವಲ್ಲ. ಕಲೆಯ ನೇರ ಮೇಲೆಯೇ ತೂತು ಇರಬೇಕೆಂದಿಲ್ಲ. ನೀರು ತೊಲೆಯ ಗುಂಟ ಹರಿದು ನಾಲ್ಕೈದು ಅಡಿ ಆಚೆ ತೊಟ್ಟಿಕ್ಕಬಹುದು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು, ಇನ್ನೊಬ್ಬರು ಹೊರಗೆ ಹೋಸ್ ಪೈಪಿನಲ್ಲಿ ಕೆಳಗಿನಿಂದ ಮೇಲಕ್ಕೆ ನೀರು ಬಿಡುತ್ತಾ ಹೋಗಬೇಕು. ಮೊದಲು ಕಿಟಕಿ, ಆಮೇಲೆ ಮೂಲೆಪಟ್ಟಿ, ಕಡೆಗೆ ಮಾಡು, ಒಂದೊಂದು ಕಡೆ ಹತ್ತು ನಿಮಿಷ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆಗೂ ಇಳಿದು, ಯಾವುದು ಸೋರಿತು ಎಂದು ತಿಳಿಯುವುದೇ ಇಲ್ಲ. ಒತ್ತಡ ಜೋರಿರಬಾರದು, ಮಳೆಯಷ್ಟಿದ್ದರೆ ಸಾಕು.

ಜಾಗ ಸಿಕ್ಕ ಮೇಲೆ ಹಳೆ ಸೀಲೆಂಟ್ ನೋಡಿ. ಅದು ಲ್ಯಾಪ್ ಸೀಲೆಂಟ್ (ಇಂಥ ಮಾಡಿಗೆಂದೇ ಬರುವ ಸೀಲೆಂಟ್) ಆಗಿದ್ದು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಪೂರ್ತಿ ಕೀಳುವ ಅಗತ್ಯವಿಲ್ಲ. ಎದ್ದಿರುವ ಭಾಗವನ್ನಷ್ಟೇ ಪ್ಲಾಸ್ಟಿಕ್ ಸ್ಕ್ರೇಪರಿನಿಂದ ತೆಗೆದು, ಉಳಿದದ್ದನ್ನು ಒರೆಸಿ, ಮೇಲೆ ಹೊಸದು ಹಾಕಿದರೆ ಹಳೆಯದರ ಜೊತೆ ಬೆಸೆದುಕೊಳ್ಳುತ್ತದೆ. ಸಿಲಿಕೋನ್ ಆದರೆ ಒಂದು ಚೂರೂ ಉಳಿಯಬಾರದು, ಅದರ ಜಿಡ್ಡಿನ ಮೇಲೆ ಬೇರಾವುದೂ ಅಂಟುವುದಿಲ್ಲ. ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಿ. ಪೆಟ್ರೋಲು, ಥಿನ್ನರು, ಮಿನರಲ್ ಸ್ಪಿರಿಟ್ ಇಪಿಡಿಎಂ ಹತ್ತಿರವೂ ಬರಬಾರದು, ರಬ್ಬರ್ ಊದಿಕೊಂಡು ಅಲೆಯಲೆಯಾಗುತ್ತದೆ.

ಫ್ಲೇಂಜ್ ಅಲುಗಾಡುತ್ತಿದ್ದರೆ ಮೇಲಿನ ತೇಪೆ ಸಾಲದು. ಸ್ಕ್ರೂ ಬಿಚ್ಚಿ ಎತ್ತಿ, ಕೆಳಗಿನ ಹಳೆ ಬ್ಯೂಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರಿನ ಪಟ್ಟಿ) ಕಿತ್ತು, 1 ಇಂಚು ಅಗಲದ ಹೊಸ ಟೇಪ್ ನಾಲ್ಕೂ ಬದಿ ಮೂಲೆ ಬಿಡದಂತೆ ಹಾಕಿ ಕೂರಿಸಿ. ಸ್ಕ್ರೂ ಮೆಲ್ಲಗೆ, ಎದುರುಬದುರಾಗಿ ಬಿಗಿಯುತ್ತಾ ಹೋದರೆ ಬ್ಯೂಟೈಲ್ ಅಂಚಿನಿಂದ ಸ್ವಲ್ಪ ಹೊರಗೆ ಉಕ್ಕುತ್ತದೆ. ಉಕ್ಕಿದರೆ ಸರಿ ಕೂತಿದೆ ಎಂದರ್ಥ. ಸ್ಕ್ರೂ ಸುಮ್ಮನೆ ತಿರುಗುತ್ತಿದ್ದರೆ ಕೆಳಗಿನ ಮರ ಕೊಳೆತಿದೆ, ಅದನ್ನು ಬದಲಿಸದೆ ಮುಂದೆ ಹೋಗಬೇಡಿ. ಆಮೇಲೆ ಡೈಕೋರ್ ಕಂಪನಿಯದರ ಥರದ ತಾನೇ ಸಮವಾಗಿ ಹರಡಿಕೊಳ್ಳುವ ಲ್ಯಾಪ್ ಸೀಲೆಂಟನ್ನು ಫ್ಲೇಂಜಿನ ಅಂಚಿಗೂ ಪ್ರತಿ ಸ್ಕ್ರೂ ತಲೆಗೂ ಕಾಲು ಇಂಚು ದಪ್ಪ ಬರುವಂತೆ ಸುರಿಯಿರಿ. ಬೆರಳಲ್ಲಿ ಸವರಬೇಡಿ, ಅದು ತಾನಾಗಿ ಕೂರುತ್ತದೆ. 14 ಇಂಚಿನ ಒಂದು ಗಾಳಿಕಿಂಡಿಗೆ ಒಂದರಿಂದ ಒಂದೂವರೆ ಟ್ಯೂಬ್ ಬೇಕು. ಹವೆ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲಿರಲಿ, ಮಾಡು ಪೂರ್ತಿ ಒಣಗಿರಲಿ. ಮೇಲ್ಪದರ ಕೆಲವು ಗಂಟೆಯಲ್ಲಿ ಕಟ್ಟುತ್ತದೆ, ಒಳಗೆ ಗಟ್ಟಿಯಾಗಲು ತಿಂಗಳವರೆಗೂ ಹಿಡಿಯಬಹುದು. ಮಾಡಿನ ಅಂಚು ಗೋಡೆಗೆ ಇಳಿಯುವ ಕಡೆ ಇದೇ ಟ್ಯೂಬ್ ಬಳಸಿದರೆ ಗೋಡೆ ಮೇಲೆ ಮೇಣದಂತೆ ಹರಿದುಬಿಡುತ್ತದೆ, ಅಲ್ಲಿಗೆ ಹರಿಯದ ಜಾತಿಯದೇ ಬೇರೆ ಸಿಗುತ್ತದೆ. ಹೊದಿಕೆ ಇಪಿಡಿಎಂ ಅಲ್ಲದೆ ಟಿಪಿಓ ಎಂಬ ಇನ್ನೊಂದು ಜಾತಿಯದಾಗಿದ್ದರೆ ಟ್ಯೂಬಿನ ಮೇಲೆ ಆ ಹೆಸರಿದೆಯೇ ನೋಡಿಕೊಳ್ಳಿ. ನೀಲಿ ಟಾರ್ಪಾಲ್ ಹೊದಿಸಿ ಕಟ್ಟಬೇಡಿ. ಒಳಗಿನ ತೇವವನ್ನು ಅದು ಕಾಪಾಡುತ್ತದೆ, ಗಾಳಿಗೆ ಬಡಿದು ಮಾಡನ್ನೂ ಉಜ್ಜುತ್ತದೆ.

ಎರಡನೆಯದು ಬಿಸಿ ಹಬ್. ಹಬ್ ಬಿಸಿಯಾದರೆ ಗ್ರೀಸ್ ಕಡಿಮೆ ಎಂದು ತೀರ್ಮಾನಿಸುವುದೇ ಮೊದಲ ಎಡವಟ್ಟು. ಬ್ರೇಕ್ ಶೂ ಉಜ್ಜುತ್ತಿದ್ದರೂ, ನಟ್ಟು ಅತಿ ಬಿಗಿಯಾಗಿದ್ದರೂ, ಬೇರಿಂಗಿನ ರೋಲರ್ ಸವೆದಿದ್ದರೂ ಹಾಗೇ ಬಿಸಿಯಾಗುತ್ತದೆ. ಈ ಟ್ರೇಲರಿನ ಆಕ್ಸಲ್ ತುದಿಯಲ್ಲಿ ರಬ್ಬರ್ ಬಿರಡೆಯ ಹಿಂದೆ ಗ್ರೀಸ್ ನಿಪ್ಪಲ್ ಇತ್ತು. ಹಬ್ ಬಿಚ್ಚದೆಯೇ ಗ್ರೀಸ್ ತುಂಬಬಹುದು ಎನ್ನುವುದು ಆ ವ್ಯವಸ್ಥೆಯ ಆಕರ್ಷಣೆ, ಅಪಾಯವೂ ಅದೇ. ಗ್ರೀಸ್ ಮೊದಲು ಹಿಂದಿನ ಬೇರಿಂಗಿಗೆ ಹೋಗಿ, ಅಲ್ಲಿಂದ ಮುಂದಕ್ಕೆ ಬಂದು, ಹಳೆಯದು ನಿಪ್ಪಲಿನ ಸುತ್ತ ಹೊರಬೀಳಬೇಕು. ಅದಾಗಬೇಕಾದರೆ ಚಕ್ರ ನೆಲ ಬಿಟ್ಟಿರಬೇಕು, ಪಂಪ್ ಮಾಡುವಷ್ಟು ಹೊತ್ತೂ ಕೈಯಲ್ಲಿ ತಿರುಗಿಸುತ್ತಿರಬೇಕು. ಇಲ್ಲಿ ಚಕ್ರ ನೆಲದ ಮೇಲೇ ಇತ್ತು, ಗ್ರೀಸ್ ಗನ್ನನ್ನು ಗಬಗಬನೆ ಒತ್ತಲಾಯಿತು. ಮುಂದೆ ಬರಲಾರದ ಗ್ರೀಸ್ ಹಿಂದಿನ ಸೀಲ್ ದಾಟಿ ಬ್ರೇಕ್ ಡ್ರಮ್ಮಿನೊಳಕ್ಕೆ ಹೋಯಿತು. ಮೇ ತಿಂಗಳ ಮೊದಲ ಪ್ರಯಾಣದಲ್ಲಿ ಟ್ರೇಲರಿನ ವಿದ್ಯುತ್ ಬ್ರೇಕ್ ಹಿಡಿಸುವ ಕಂಟ್ರೋಲರಿನ ಗೇನ್ (ಬ್ರೇಕಿನ ಬಲ) ಎಷ್ಟೇ ಏರಿಸಿದರೂ ಟ್ರೇಲರ್ ನಿಲ್ಲದೆ ಹಿಂದಿನಿಂದ ಪಿಕಪ್ ಗಾಡಿಯನ್ನು ತಳ್ಳುತ್ತಿತ್ತು. ಬಿಚ್ಚಿ ನೋಡಿದಾಗ ನಾಲ್ಕರಲ್ಲಿ ಮೂರು ಡ್ರಮ್ಮುಗಳ ತುಂಬಾ ಗ್ರೀಸ್.

ಗ್ರೀಸ್ ಕುಡಿದ ಶೂ ತೊಳೆದರೆ ಸರಿಹೋಗುವುದಿಲ್ಲ. ಬ್ರೇಕ್ ಕ್ಲೀನರ್ ಹೊಡೆದು ಒಣಗಿಸಿದರೂ ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಹೊರಗೆ ಬರುತ್ತದೆ. 3,500 ಪೌಂಡಿನ ಆಕ್ಸಲ್ಲಿಗೆ 10 ಇಂಚಿನ ಇಡೀ ಬ್ರೇಕ್ ಸೆಟ್ಟನ್ನೇ ಹಾಕುವುದು ಸುಲಭ. ನಾಲ್ಕು ನಟ್ಟು, ಎರಡು ತಂತಿ, ತಂತಿಗೆ ಪ್ಲಸ್ ಮೈನಸ್ ಭೇದವಿಲ್ಲ. ಎಡ ಬಲ ಮಾತ್ರ ಬೇರೆ ಬೇರೆ, ಲೈನಿಂಗ್ ಗಿಡ್ಡ ಇರುವ ಶೂ ಗಾಡಿಯ ಮುಂಭಾಗಕ್ಕೆ ಬರಬೇಕು.

ಬೇರಿಂಗ್ ಸೇವೆಯನ್ನು 12 ತಿಂಗಳಿಗೊಮ್ಮೆ ಅಥವಾ 12,000 ಮೈಲಿಗೊಮ್ಮೆ ಹಬ್ ಬಿಚ್ಚಿಯೇ ಮಾಡಿ. ಜಾಕನ್ನು ಚಾಸಿಗೆ ಕೊಡಿ, ಆಕ್ಸಲ್ ಕೊಳವೆಗೆ ಕೊಟ್ಟರೆ ಅದು ಬಾಗುತ್ತದೆ. ಹಳೆ ಗ್ರೀಸ್ ಪೂರ್ತಿ ತೊಳೆದು ರೋಲರ್ ನೋಡಿ. ನೀಲಿ ಬಣ್ಣ, ಗೀರು, ಗುಳಿ ಕಂಡರೆ ಬೇರಿಂಗನ್ನೂ ಅದು ಕೂರುವ ರೇಸನ್ನೂ ಜೋಡಿಯಾಗಿ ಬದಲಿಸಿ. ಹಿಂದಿನ ಸೀಲ್ ಪ್ರತಿ ಸಲವೂ ಹೊಸದು. ನಟ್ಟನ್ನು ಹಬ್ ತಿರುಗಿಸುತ್ತಾ 50 ಫುಟ್-ಪೌಂಡಿಗೆ ಬಿಗಿದು, ಪೂರ್ತಿ ಸಡಿಲಿಸಿ, ಆಮೇಲೆ ಬೆರಳಲ್ಲಿ ಎಷ್ಟು ಬಿಗಿಯುತ್ತದೋ ಅಷ್ಟಕ್ಕೆ ನಿಲ್ಲಿಸಿ ಕಾಟರ್ ಪಿನ್ ಹಾಕಿ. ತೂತು ಹೊಂದದಿದ್ದರೆ ನಟ್ಟನ್ನು ಹಿಂದಕ್ಕೆ ತಿರುಗಿಸಿ ಹೊಂದಿಸಿ, ಮುಂದಕ್ಕಲ್ಲ.

ಮೂರನೆಯದು ಕರೆಂಟು. ಬ್ಯಾಟರಿ ಇಳಿಯುತ್ತಿದ್ದುದಕ್ಕೆ ನಿಜವಾದ ಕಾರಣ ಸಣ್ಣದು. ಎಲ್ಲಾ ಸ್ವಿಚ್ ಆರಿಸಿದರೂ ಗ್ಯಾಸ್ ಡಿಟೆಕ್ಟರ್, ರೇಡಿಯೊ ಮೊದಲಾದವು ಹನಿಹನಿಯಾಗಿ ಕರೆಂಟ್ ಎಳೆಯುತ್ತಲೇ ಇರುತ್ತವೆ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಟ್ಟಿದ್ದರೆ, ಇಲ್ಲವೇ ಒಂದು ಕಟಾಫ್ ಸ್ವಿಚ್ ಹಾಕಿದ್ದರೆ ಮುಗಿಯುತ್ತಿತ್ತು. ಅದರ ಬದಲು ಗ್ಯಾರೇಜಿನ ಗೋಡೆಗೆ 30 ಆಂಪಿಯರಿನ ಹೊಸ ಸಾಕೆಟ್ ಹಾಕಿಸಲಾಯಿತು. ಮೂರು ಕಂಡಿ, 30 ಆಂಪ್ ಎಂದು ನೋಡಿದ ಕೆಲಸಗಾರ ಅದನ್ನು ಬಟ್ಟೆ ಒಣಗಿಸುವ ಡ್ರೈಯರಿನ ಸಾಕೆಟ್ ಎಂದುಕೊಂಡು ಜೋಡಿ ಬ್ರೇಕರ್ ಹಾಕಿ 240 ವೋಲ್ಟ್ ಕೊಟ್ಟ. ಟ್ರೇಲರಿನ ಟಿಟಿ-30 ಸಾಕೆಟ್ ಇರುವುದು 120 ವೋಲ್ಟಿಗೆ, ಒಂಟಿ ಬ್ರೇಕರಿಗೆ. ಊರಲ್ಲಿ 230 ವೋಲ್ಟ್ ನೋಡುತ್ತಾ ಬೆಳೆದ ನಮ್ಮವರಿಗೆ ಮೀಟರ್ 240 ತೋರಿಸಿದರೆ ಅನುಮಾನವೂ ಬರುವುದಿಲ್ಲ, ಅದು ಇನ್ನೊಂದು ಕಷ್ಟ.

ಚುಚ್ಚಿದ ಕ್ಷಣಕ್ಕೇ ಕನ್ವರ್ಟರ್ (ಮನೆಯ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ 12 ವೋಲ್ಟಿಗೆ ಇಳಿಸುವ ಪೆಟ್ಟಿಗೆ) ಸುಟ್ಟಿತು. ಮೈಕ್ರೋವೇವಿನ ಬೋರ್ಡ್ ಹೋಯಿತು. ಫ್ರಿಜ್ ಆಟೋದಲ್ಲಿತ್ತು (ಕರೆಂಟ್ ಸಿಕ್ಕರೆ ಗ್ಯಾಸ್ ಬಿಟ್ಟು ತಾನೇ ಕರೆಂಟಿಗೆ ಬದಲಾಗುತ್ತದೆ), ಅದರ ಹೀಟಿಂಗ್ ಕಾಯಿಲ್ ಕೂಡ ಹೋಯಿತು. ವೋಲ್ಟೇಜ್ ಎರಡು ಪಟ್ಟಾದರೆ ಕಾಯಿಲಿನ ಶಾಖ ನಾಲ್ಕು ಪಟ್ಟಾಗುತ್ತದೆ. ಬ್ರೇಕರ್ ಯಾಕೆ ಬೀಳಲಿಲ್ಲ ಎಂದು ಕೇಳುತ್ತಾರೆ. ಬ್ರೇಕರ್ ಆಂಪಿಯರ್ ನೋಡುತ್ತದೆ, ವೋಲ್ಟ್ ನೋಡುವುದಿಲ್ಲ. ಕವರ್ ಹಾಕಿ ಮುಚ್ಚಿದ್ದ ಟ್ರೇಲರಿನೊಳಗಿನ ಸುಟ್ಟ ವಾಸನೆ ಮೂಗಿಗೆ ಬಿದ್ದದ್ದು ಏಪ್ರಿಲಿನಲ್ಲಿ.

ಹಾಕಿಸುವವರಿಗೆ ಮೊದಲೇ ಹೇಳಿ: ಟಿಟಿ-30, 120 ವೋಲ್ಟ್, ಒಂಟಿ 30 ಆಂಪ್ ಬ್ರೇಕರ್, 10 ಗೇಜಿನ ತಾಮ್ರದ ತಂತಿ. ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ಮುಗಿದ ಮೇಲೆ ಅವರ ಎದುರಿಗೇ ಮೀಟರ್ ಹಿಡಿಸಿ. ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 120, ಫೇಸಿಗೂ ಅರ್ತಿಗೂ 120, ನ್ಯೂಟ್ರಲ್ಲಿಗೂ ಅರ್ತಿಗೂ ಸೊನ್ನೆ ಬರಬೇಕು. ಎಲ್ಲಾದರೂ 240 ಕಂಡರೆ ಪ್ಲಗ್ ಕೈಗೆತ್ತಿಕೊಳ್ಳಬೇಡಿ. ಬರೀ ಬ್ಯಾಟರಿ ಚಾರ್ಜಿಗಾದರೆ ಇದಾವುದೂ ಬೇಡ, ಮನೆಯ ಮಾಮೂಲಿ 15 ಆಂಪ್ ಸಾಕೆಟ್ಟಿಗೆ ಅಡಾಪ್ಟರ್ ಸಾಕು. ಅದರಲ್ಲಿ ಏಸಿ ಮಾತ್ರ ಹಾಕಬೇಡಿ, ಪ್ಲಗ್ ಕರಗಬಹುದು.

ನೀರಿನ ಕೆಲಸ ಹೆಚ್ಚುಕಡಿಮೆ ಸರಿಯಾಗಿಯೇ ಆಗಿತ್ತು. ವಾಟರ್ ಹೀಟರ್ ಆರಿಸಿ, ತಣಿದ ಮೇಲೆ ಪ್ರೆಶರ್ ವಾಲ್ವ್ ಎತ್ತಿ ಒತ್ತಡ ಇಳಿಸಿ, ಆಮೇಲೆ ಕೆಳಗಿನ ಪ್ಲಗ್ ಬಿಚ್ಚಿದ್ದರು. ಈ ಕ್ರಮ ತಪ್ಪಿದರೆ ಕುದಿನೀರು ಮೈಮೇಲೆ ಹಾರುತ್ತದೆ. ಹೀಟರನ್ನು ಬೈಪಾಸ್ ಮಾಡಿ, ಪಂಪಿನಿಂದ 2 ಗ್ಯಾಲನ್ ಗುಲಾಬಿ ಆಂಟಿಫ್ರೀಜ್ ಎಳೆಸಿ, ಪ್ರತಿ ನಲ್ಲಿಯ ತಣ್ಣೀರು ಬಿಸಿನೀರು ಎರಡರಲ್ಲೂ ಗುಲಾಬಿ ಬರುವವರೆಗೆ ಬಿಟ್ಟಿದ್ದರು. (ಕಾರಿಗೆ ಹಾಕುವ ಹಸಿರು ಆಂಟಿಫ್ರೀಜ್ ವಿಷ, ಕುಡಿಯುವ ನೀರಿನ ಪೈಪಿಗೆ ಸಲ್ಲದು.) ಮರೆತದ್ದು ಹೊರಗಿನ ಶವರ್ ಒಂದನ್ನೇ, ಅದರ ವಾಲ್ವ್ ಹಿಮಕ್ಕೆ ಸೀಳಿತು. ಇಂಥ ಸೋರಿಕೆ ಹುಡುಕುವುದು ಸುಲಭ. ಟ್ಯಾಂಕಿಗೆ ನೀರು ತುಂಬಿ, ಪಂಪ್ ಹಾಕಿ, ಎಲ್ಲಾ ನಲ್ಲಿ ಮುಚ್ಚಿ ಸುಮ್ಮನೆ ಕೂತು ಕೇಳಿ. ನಾಲ್ಕೈದು ನಿಮಿಷಕ್ಕೊಮ್ಮೆ ಪಂಪ್ ಗುರ್ ಎಂದು ತಾನೇ ಓಡಿದರೆ ಎಲ್ಲೋ ಒತ್ತಡ ಹೋಗುತ್ತಿದೆ.

ಚಕ್ರ ಬಿಚ್ಚಿ ಹಾಕಿದವರು ಅರ್ಧ ಇಂಚಿನ ಸ್ಟಡ್ಡಿನ ನಟ್ಟುಗಳನ್ನು 90ರಿಂದ 120 ಫುಟ್-ಪೌಂಡಿಗೆ ಟಾರ್ಕ್ ಪಾನಾದಲ್ಲೇ ಬಿಗಿದು, 10, 25, 50 ಮೈಲಿ ಓಡಿಸಿದ ಮೇಲೆ ಮತ್ತೆ ಪರೀಕ್ಷಿಸಬೇಕು. ಟೈರಿನ ಪಕ್ಕೆಯಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಸಂಖ್ಯೆಯ ಕಡೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2319 ಎಂದಿದ್ದರೆ 2019ರ 23ನೇ ವಾರದ್ದು. ಗೆರೆ ಎಷ್ಟೇ ಚೆನ್ನಾಗಿದ್ದರೂ ಐದಾರು ವರ್ಷಕ್ಕೆ ಟ್ರೇಲರ್ ಟೈರನ್ನು ಬಿಡಿ.

ಹಳೆ ಟ್ರೇಲರ್ ಕೊಳ್ಳಲು ಹೊರಟವರಿಗೆ ಇನ್ನೊಂದು ಮಾತು. ಇಂಥ ತೇಪೆ ಹಾಕಿದ ಟ್ರೇಲರುಗಳೂ ವಸಂತದಲ್ಲಿ ಮಾರಾಟಕ್ಕೆ ಬರುತ್ತವೆ. ನಿಮ್ಮದೇ ಏಣಿ ಒಯ್ದು ಮಾಡು ನೋಡಿ. ಗಾಳಿಕಿಂಡಿಯ ಸುತ್ತ ಇರುವುದಕ್ಕೆ ಉಗುರಿನ ಅಂಚು ತೂರಿಸಿ. ಲ್ಯಾಪ್ ಸೀಲೆಂಟ್ ಮಂಕಾಗಿ, ಹರಡಿಕೊಂಡು, ಹಿಡಿದುಕೊಂಡಿರುತ್ತದೆ. ಸಿಲಿಕೋನ್ ಹೊಳೆಯುತ್ತಾ ಪಟ್ಟಿಪಟ್ಟಿಯಾಗಿ ಎದ್ದುಬರುತ್ತದೆ. ಎದ್ದುಬಂದರೆ ಒಳಗೆ ಹೋಗಿ, ಅದರ ಕೆಳಗಿನ ಕಪಾಟಿನ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಬೆಲೆಯ ಮಾತು ಆಮೇಲೆ.