ಬಾವಿಗಿಳಿಯುವ ಮುಂಚೆ: ಗಣಿಯ ದೀಪವೋ, ಗ್ಯಾಸ್ ಮೀಟರೋ?

ತೀರ್ಥಹಳ್ಳಿ ಕಡೆ ಬೇಸಿಗೆ ಬಂತೆಂದರೆ ಬಾವಿ ಹೂಳೆತ್ತುವ ಕೆಲಸ ಶುರು. ತಳದ ಗಾಳಿ ಉಸಿರಾಡಲು ಸರಿ ಇದೆಯಾ ಅಂತ ಮೊದಲು ಲಾಟೀನು ಇಳಿಬಿಟ್ಟು ನೋಡುವುದು ನಮ್ಮ ಹಳೇ ರೂಢಿ, ಅಲ್ವಾ? ಕಲ್ಲಿದ್ದಲು ಗಣಿಯವರದ್ದೂ ಹೆಚ್ಚುಕಮ್ಮಿ ಇದೇ ಕತೆ. 1815ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಜ್ವಾಲೆಯ ಸುತ್ತ ತಂತಿ ಜಾಲರಿ ಇಟ್ಟು ದೀಪ ಮಾಡಿದ. ಮೀಥೇನ್ (ಗೋಬರ್ ಗ್ಯಾಸಿನಲ್ಲೂ ಇರುವ ಉರಿಯುವ ಅನಿಲ) ಇದ್ದರೆ ಜ್ವಾಲೆಯ ಮೇಲೆ ನೀಲಿ ಟೊಪ್ಪಿ ಕಾಣುತ್ತದೆ. ಆಮ್ಲಜನಕ ಸುಮಾರು ಶೇ. 16ಕ್ಕೆ ಇಳಿದರೆ ದೀಪ ಆರುತ್ತದೆ. ಬ್ಯಾಟರಿಯ ಗೊಡವೆ ಇಲ್ಲ. ಆದರೆ ಜೀವ ತೆಗೆಯುವಷ್ಟು ಕಾರ್ಬನ್ ಮೊನಾಕ್ಸೈಡ್ ಇದ್ದರೂ ಅದು ಸುಮ್ನೆ ಉರಿಯುತ್ತಲೇ ಇರುತ್ತದೆ.

ನಾಲ್ಕು ಅನಿಲದ ಮೀಟರ್ ಆಮ್ಲಜನಕ, ಉರಿಯುವ ಅನಿಲ, ಕಾರ್ಬನ್ ಮೊನಾಕ್ಸೈಡ್, ಕೊಳೆತ ಮೊಟ್ಟೆ ವಾಸನೆಯ ವಿಷಗಾಳಿ ಹೈಡ್ರೋಜನ್ ಸಲ್ಫೈಡ್ ನಾಲ್ಕನ್ನೂ ಅಳೆಯುತ್ತದೆ. ಆಮ್ಲಜನಕ ಸಾಮಾನ್ಯವಾಗಿ ಶೇ. 19.5ಕ್ಕೆ ಇಳಿದಾಗಲೇ ಕಿರುಚುತ್ತದೆ. ಸಲ್ಫೈಡ್ ಜಾಸ್ತಿಯಾದರೆ ಮೂಗೇ ಮರಗಟ್ಟುತ್ತದೆ, ವಾಸನೆ ನಂಬಬೇಡಿ. ಕೊಳ್ಳುವಾಗ ಪಂಪು, ಉದ್ದದ ನಳಿಗೆ ಇರುವುದನ್ನೇ ಕೇಳಿ. ಮೇಲೆ ನಿಂತೇ ತಳದ ಗಾಳಿ ನೋಡಬಹುದು. ಸೆನ್ಸರ್ ಮಾತ್ರ ಎರಡು ಮೂರು ವರ್ಷಕ್ಕೆ ಹಳತಾಗುತ್ತದೆ, ಆ ಖರ್ಚು ಇದ್ದದ್ದೇ.

ಗೋಬರ್ ಗ್ಯಾಸ್ ಗುಂಡಿಗೆ ಲಾಟೀನು ಬೇಡವೇ ಬೇಡ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15 ಇದ್ದರೆ ಕಿಡಿ ಸಾಕು, ಸಿಡಿಯುತ್ತದೆ.

ಗಣಿಯವರು ಸೊಂಟಕ್ಕೆ ಕಟ್ಟುವ ಫಿಲ್ಟರ್ ಸೆಲ್ಫ್ ರೆಸ್ಕ್ಯೂಯರ್ (ಉಸಿರಾಡುವ ಗಾಳಿಯ ಕಾರ್ಬನ್ ಮೊನಾಕ್ಸೈಡ್ ಸೋಸುವ ಸಾಧನ) ಬಾವಿಗೆ ದಂಡ. ಅದು ಆಮ್ಲಜನಕ ಕೊಡುವುದಿಲ್ಲ. ನಾನಾದರೆ ಊರಿನ ನಾಲ್ಕು ಮನೆಯವರು ಸೇರಿ ಒಂದು ಮೀಟರ್ ಕೊಳ್ಳೋಣ ಅನ್ನುತ್ತೇನೆ.