ಸರ್ಕಾರದ ಕೆಂಪು ಐರನ್ ಮಾತ್ರೆ: ಮಾತ್ರೆಗೆ ಪೂರ್ತಿ ಅಂಕ, ಕೊಡೋ ರೀತಿಗೆ ಅರ್ಧ

ಬೆಂಗಳೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಬಿಟ್ಟಿ ಸಿಗೋ ಮಾತ್ರೆ ಇದು. ಒಂದರಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಡಾಕ್ಟರು ದಿನಕ್ಕೆ ಎರಡು ಬರೀತಾರೆ. 7ಕ್ಕೂ ಕೆಳಗಿದ್ದರೆ ಮಾತ್ರೆ ನಂಬಿಕೊಂಡು ಮನೇಲಿ ಕೂರೋ ಹಾಗಿಲ್ಲ, ಆಸ್ಪತ್ರೆಗೇ ಹೋಗಬೇಕು.

ಮೆಡಿಕಲ್ ಶಾಪಿನ ಫೆರಸ್ ಆಸ್ಕಾರ್ಬೇಟ್ ಮಾತ್ರೆಯಲ್ಲಿ ಸಾಮಾನ್ಯವಾಗಿ 100 ಮಿ.ಗ್ರಾಂ ಇರುತ್ತೆ. ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಒಂದು ಡೋಸ್ ಒಳಗೆ ಹೋದಮೇಲೆ ಲಿವರ್ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಬಿಟ್ಟು, ಕರುಳು ಕಬ್ಬಿಣ ಹೀರೋದನ್ನ ಸುಮಾರು ಒಂದು ದಿನ ತಗ್ಗಿಸುತ್ತೆ. ಹೀರದೆ ಉಳಿದ ಕಬ್ಬಿಣವೇ ವಾಕರಿಕೆ, ಮಲಬದ್ಧತೆಗೆ ಮೂಲ. ಮಲ ಕಪ್ಪಾಗೋದು ಮಾಮೂಲು, ಹೆದರಿ ಬಿಡಬೇಡಿ. ಟಾರಿನ ಹಾಗೆ ಅಂಟಂಟಾಗಿ, ಕೆಟ್ಟ ನಾತ ಬಂದರೆ ಮಾತ್ರ ಒಳಗೆ ರಕ್ತಸ್ರಾವ ಇದೆಯಾ ಅಂತ ತೋರಿಸಿ.

ಈ ಊರಲ್ಲಿ ಮಾತ್ರೆ ಸೋಲೋದು ಫಿಲ್ಟರ್ ಕಾಫಿ ಮುಂದೆ. ಇಡ್ಲಿ ತಿಂದು, ಮಾತ್ರೆ ನುಂಗಿ, ಮೇಲೊಂದು ಲೋಟ ಕಾಫಿ ಕುಡಿದರೆ ಕಬ್ಬಿಣದ ದೊಡ್ಡ ಪಾಲು ಕಾಫಿಯಲ್ಲಿರೋ ಪಾಲಿಫಿನಾಲ್ ಅನ್ನೋ ಅಂಶಕ್ಕೆ ಅಂಟಿಕೊಂಡು ಹಾಗೇ ಹೊರಗೆ ಹೋಗುತ್ತೆ. ಕಾಫಿ, ಟೀ, ಹಾಲಿಗೆ ಹಿಂದೆ ಮುಂದೆ ಒಂದು ಗಂಟೆಯಾದರೂ ಬಿಡಿ. ನಿಂಬೆಹಣ್ಣಿನ ಷರಬತ್ತಿನ ಜೊತೆ ನುಂಗಿದರೆ ಲಾಭ. ಬರಿಹೊಟ್ಟೆಗೆ ಒಗ್ಗದವರು ರಾತ್ರಿ ಊಟ ಆಗಿ ಎರಡು ಗಂಟೆ ಬಿಟ್ಟು ತಗೊಳ್ಳಲಿ. ನನ್ನ ತಕರಾರು ಇರೋದೂ ಇಲ್ಲೇ: ಕ್ಯಾಲ್ಸಿಯಂ ಮಾತ್ರೆಯನ್ನೂ ಐರನ್ನನ್ನೂ ಒಟ್ಟಿಗೆ ಕೈಗಿಟ್ಟು ಕಳಿಸಿದರೆ ಜನ ಎರಡನ್ನೂ ಒಟ್ಟಿಗೇ ನುಂಗ್ತಾರೆ. ಎರಡರ ನಡುವೆ ಎರಡು ಗಂಟೆ ಬೇಕು ಅಂತ ಕವರಿನ ಮೇಲೆ ಒಂದು ಸಾಲು ಬರೆದರೆ ಏನು ಖರ್ಚು?

ಒಂದು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಒಂದು ಗ್ರಾಂ ಆದರೂ ಏರಿರಬೇಕು. ಏರದಿದ್ದರೆ ಬ್ರ್ಯಾಂಡ್ ಬದಲಿಸೋ ಮುಂಚೆ ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟಿನಲ್ಲಿ ಎಂಸಿವಿ, ಅಂದರೆ ಕೆಂಪು ಕಣದ ಸರಾಸರಿ ಗಾತ್ರ ನೋಡಿ. 80ಕ್ಕಿಂತ ಕಡಿಮೆ ಇದ್ದು, ಕೆಂಪು ಕಣಗಳ ಎಣಿಕೆ ಮಾತ್ರ 50 ಲಕ್ಷ ದಾಟಿದ್ದರೆ ಥಲಸ್ಸೀಮಿಯಾ ಗುಣ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ವಂಶದಿಂದ ಬರೋ ದೋಷ) ಇರಬಹುದು. ಅದಕ್ಕೆ ಹಿಮೋಗ್ಲೋಬಿನ್ ಯಾವ ಬಗೆಯದು ಅಂತ ನೋಡೋ ಎಚ್‌ಪಿಎಲ್‌ಸಿ ಪರೀಕ್ಷೆ ಆಗಬೇಕು, ಬರೀ ಐರನ್‌ನಿಂದ ಅದು ಸರಿಹೋಗಲ್ಲ. ಎಂಸಿವಿ 100 ದಾಟಿದ್ದರೆ ಬಿ12 ವಿಟಮಿನ್ ಕೊರತೆಯ ಅನುಮಾನ, ಅದರಲ್ಲೂ ಅಪ್ಪಟ ಸಸ್ಯಾಹಾರಿಗಳಲ್ಲಿ. ಆಗ ಈ ಮಾತ್ರೆಯ ಫೋಲಿಕ್ ಆಸಿಡ್ ರಕ್ತದ ಅಂಕಿಯನ್ನ ಚೆಂದ ಮಾಡಿ ತೋರಿಸುತ್ತೆ, ಒಳಗೆ ನರದ ಹಾನಿ ಮುಂದುವರಿದಿರುತ್ತೆ. ಪಾದ ಜೋಮು ಹಿಡಿಯೋದು ಅದರ ಸುಳಿವು. ಎರಡೂ ಅಲ್ಲವಾದರೆ ಹೆರಿಗೆಯಾದವರಲ್ಲಿ ಮುಟ್ಟಿನ ಅತಿಯಾದ ಸ್ರಾವ, ಕೊಕ್ಕೆಹುಳು, ಮೂಲವ್ಯಾಧಿ ಇವುಗಳತ್ತ ನೋಡಬೇಕು; ಸೋರುವ ಕಡೆ ಮುಚ್ಚದೆ ಎಷ್ಟು ತುಂಬಿದರೂ ಅಷ್ಟೇ.

ಸಕ್ಕರೆ ಲೇಪ ಇರೋದರಿಂದ ನುಂಗೋದು ಸುಲಭ, ಒದ್ದೆ ಕೈಯಲ್ಲಿ ಹಿಡಿದರೆ ಬಣ್ಣ ಬಿಡುತ್ತೆ. ಆದರೆ ನೋಡೋಕೆ ಪೆಪ್ಪರಮಿಂಟೇ. ಹತ್ತು ಕಿಲೋ ತೂಗೋ ಮಗು ಹತ್ತು ಮಾತ್ರೆ ತಿಂದರೆ ಪ್ರಾಣಕ್ಕೇ ಅಪಾಯ. ಅಡುಗೆಮನೆ ಕಟ್ಟೆ ಮೇಲೆ ಇಡಬೇಡಿ, ಬೀರುವಿನ ಮೇಲಿನ ಖಾನೆಯಲ್ಲಿಟ್ಟು ಬೀಗ ಹಾಕಿ.