130 ತೋಪೋ ಬೋಫೋರ್ಸೋ: ಎರಡೂ ಕಡಿ ದುಡದ ಬೆನ್ನಿನ ಮಾತು

ಹೋದ ತಿಂಗಳು ನಮ್ಮ ಕಾಕಾನ ಮಗ ಭಾಲ್ಕಿ ಕಡಿಂದ ಒಂದು ಹಳೇ ಟ್ರ್ಯಾಕ್ಟರ್ ತಂದಾನ. ಪವರ್ ಸ್ಟೇರಿಂಗ್ ಇಲ್ಲ, ಸೆಲ್ಫ್ ಹೊಡಿಯಂಗಿಲ್ಲ, ದಿನಾ ಮುಂಜಾನಿ ನಾಕು ಮಂದಿ ದೂಡಿದ್ರನೇ ಚಾಲೂ ಆಗ್ತದ, ಆ ನಾಕು ಮಂದ್ಯಾಗ ನಾ ಒಬ್ಬ. ಮೂರನೇ ದಿನಕ್ಕ ಬೆನ್ನು ಹಿಡ್ಕೊಂಡು ಕುಂತೆ. ಇಂಥ ಡಬ್ಬಾ ಯಾಕ್ ತಂದ್ಯೋ ಅಂತ ಬೈದ್ರ ಅಂವ ನಕ್ಕೋತ "ಅಣ್ಣಾ, ನಿಮ್ಮ ಫೌಜಿನ್ಯಾಗ 130 ತೋಪು ಎಷ್ಟ್ ವರ್ಷ ಆದ್ರೂ ನಡೀತಾವ, ಹಳೇ ಮಾಲು ಗಟ್ಟಿ ಅಂತ ನೀನೇ ಹೇಳ್ತಿದ್ದಿ" ಅಂದ.

ಹೇಳಿದ್ದು ಖರೇ. ಆದ್ರ ಪೂರಾ ಹೇಳಿದ್ದಿಲ್ಲ, ಈಗ ಹೇಳ್ತೀನಿ.

ನಾ 1986ರಾಗ ಭರ್ತಿ ಆದವ, ಹೈದರಾಬಾದ್ ಗೋಲ್ಕೊಂಡಾದಾಗಿನ ಆರ್ಟಿಲರಿ ಸೆಂಟರಿನ್ಯಾಗ ಟ್ರೇನಿಂಗು, ಮೊದಲ ಮೂರ್ನಾಕು ವರ್ಷ ರಷ್ಯಾದ 130 ತೋಪಿನ ಮ್ಯಾಲ ದುಡದೆ, ಆಮ್ಯಾಲ ರೆಜಿಮೆಂಟೇ ಸ್ವೀಡನ್ನಿನ ಬೋಫೋರ್ಸ್ ತೋಪಿಗಿ ಬದಲಾಯ್ತು, ರಿಟೈರ್ ಆಗೋತನಕ ಅದೇ. ಎರಡೂ ನಾ ಕೊಂಡಿದ್ದಲ್ಲ, ರೊಕ್ಕ ಸರ್ಕಾರದ್ದು, ಬೆನ್ನು ಮಾತ್ರ ನನ್ನದು. ನನ್ನ ಓಟು ಬೋಫೋರ್ಸ್‌ಗೆ, ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮ್ಯಾಲ ಪಕ್ಷಪಾತ ಮಾಡಿದ ಅನಬ್ಯಾಡ್ರಿ.

ಬೀದರ್ ಮಂದಿಗಿ ಫೌಜ್ ಅಂದ್ರ ವಿಮಾನ. ಏರ್‌ಫೋರ್ಸ್ ಸ್ಟೇಷನ್ ಅದ, ಸೂರ್ಯಕಿರಣ್ ಟೀಂ ಇಲ್ಲೇ ಇರ್ತದ, ದಿನಾ ತಲಿ ಮ್ಯಾಲ ಹಾಕ್ ವಿಮಾನ ಗುಂಯ್ ಅಂತ ತಿರಗ್ತಾವ, ಅದರ ಮುಂದ ತೋಪಿನವ್ರನ್ನ ಯಾರ್ ಕೇಳ್ತಾರ. ತೋಪು ಅಂದ್ರ ಕಲಬುರಗಿ ಕೋಟ್ಯಾಗಿನ ಬಾರಾ ಗಜಿ ತೋಪು, 29 ಫೂಟ್ ಉದ್ದ ಅದ ಅಂತ ಅದರ ಮುಂದ ನಿಂತು ಫೋಟೋ ತೆಗಸ್ಕೋತಾರ, ಅಲ್ಲಿಗಿ ಮುಗೀತು.

130 ಅಂದ್ರ ರಷ್ಯಾದ ಎಂ-46, ನಳಗಿ (ಬ್ಯಾರಲ್) ತೂತಿನ ಅಗಲ 130 ಎಂಎಂ, ಅದಕ್ಕೇ ಆ ಹೆಸರು. ಮೂಲದಾಗ ಅದು ಹಡಗಿನ ತೋಪಿನ ವಂಶ, ನೌಕಾಪಡೆಯ 130 ಎಂಎಂ ತೋಪನ್ನ ನೆಲಕ್ಕ ಇಳಿಸಿ ಗಾಲಿ ಮ್ಯಾಲ ಕೂಡಿಸಿದಂಗ, 1954ರಾಗ ಮಾಸ್ಕೋ ಪರೇಡಿನ್ಯಾಗ ಮೊದಲ ಸಲ ಮಂದಿಗಿ ತೋರಿಸಿದ್ರು. 33 ಕಿಲೋ ಗೋಲಾ, ನಳಗಿ ಬಿಡೋ ಮುಂದ ಸೆಕೆಂಡಿಗಿ 930 ಮೀಟರ್ ಸ್ಪೀಡು, 27 ಕಿಲೋಮೀಟರ್ ದೂರ ಹೋಗಿ ಬೀಳ್ತದ. ಬೀದರ್‌ದಿಂದ ಸೀದಾ ಗೆರಿ ಎಳದ್ರ ಜಹೀರಾಬಾದ್ ಹತ್ತತ್ರ. ಐವತ್ತರ ದಶಕದಾಗ ಅಷ್ಟು ದೂರ ಹೊಡಿಯೋ ಎಳಿಯೋ ತೋಪು ಭಾಳ ಮಂದಿ ಕಡಿ ಇದ್ದಿಲ್ಲ. 1972ರಾಗ ವಿಯೆಟ್ನಾಂದಾಗ ಉತ್ತರದವ್ರು ಇದನ್ನ ದೂರ ಇಟ್ಕೊಂಡು ಹೊಡದ್ರ ದಕ್ಷಿಣದವ್ರ ಮಾಮೂಲಿ ತೋಪಿನ ಗೋಲಾ ಅಲ್ಲಿತನಕ ಮುಟ್ಟತಿದ್ದಿಲ್ಲ. 1975ರಾಗ ಅಂಗೋಲಾದಾಗ ದಕ್ಷಿಣ ಆಫ್ರಿಕಾದವ್ರಿಗೂ ಅದೇ ಗತಿ ಆಯ್ತು, ಆ ಪೆಟ್ಟಿಗೇ ಅವ್ರು ಜೆರಾಲ್ಡ್ ಬುಲ್ ಅನ್ನೋ ಕೆನಡಾ ಎಂಜಿನಿಯರನ ಡಿಸೈನ್ ಹಿಡ್ದು ಜಿ-5 ಅಂತ ಹೊಸ 155 ತೋಪು ಮಾಡಿದ್ರು. ನಮ್ಮವ್ರೂ 1971ರ ಯುದ್ಧದಾಗ 130 ಬಳಸ್ಯಾರ. ಅಂದ್ರ ಹೆಸರು ಸುಮ್ಕ ಬಂದಿದ್ದಲ್ಲ, ಹೊಡೆತ ಖರೇನೇ ಜಬರ್ದಸ್ತ್.

ಈಗ ನನ್ನ ತಕರಾರು. ಮುಖ್ಯ ತಕರಾರು ಇದೊಂದೇ, ಆದ್ರ ಇದಕ್ಕ ನಾ ಮೂರ್ನಾಕು ವರ್ಷ ತೆತ್ತೀನಿ.

130 ನಳಗಿ ಎಡಕ್ಕ ಬಲಕ್ಕ ಸೇರಿ ತಿರಗೋದು ಒಟ್ಟು 50 ಡಿಗ್ರಿ, ಅಂದ್ರ ನಟ್ಟ ನಡುವಿಂದ ಆ ಕಡಿ 25, ಈ ಕಡಿ 25. ಅಷ್ಟರೊಳಗ ಟಾರ್ಗೆಟ್ ಇತ್ತಂದ್ರ ಕೈಯಾಗಿನ ಚಕ್ರ ತಿರವಿದ್ರ ಸಾಕು, ಆರಾಮ. ಅದರ ಹೊರಗ ಒಂದ್ ಡಿಗ್ರಿ ಹೋತಂದ್ರ ತೋಪೇ ತಿರಗಬೇಕು, ಮತ್ತ ತೋಪಿನ ತೂಕ ಏಳೂವರೆ ಟನ್ನಿನ ಮ್ಯಾಲ, ಅದರಾಗ ಎಂಜಿನ್ ಇಲ್ಲ. ಹಿಂದ ಎರಡು ಕಬ್ಬಿಣದ ಕಾಲು ಇರ್ತಾವ, ಟ್ರೇಲ್ ಅಂತೀವಿ, ತುದಿಗಿ ಸ್ಪೇಡು, ನಮ್ಮ ರಂಟಿ ಕುಡ ಇದ್ದಂಗ ಅನ್ಕೋರಿ ಆದ್ರ ಭಾಳ ದೊಡ್ಡದು. ಒಂದೊಂದು ಫೈರಿಗೂ ತೋಪು ಹಿಂದಕ್ಕ ಜಗ್ಗತದ, ಸ್ಪೇಡು ಇನ್ನೊಂದ್ ಜರಾ ನೆಲದಾಗ ಇಳೀತದ. ಹತ್ತು ಗೋಲಾ ಹೊಡದ್ರ ಹೂಳಿದಂಗ ಆಗಿರ್ತದ. ಹೂಳಬೇಕು ಅಂತನೇ ಮಾಡಿದ್ದು ಅದು, ಇಲ್ಲಂದ್ರ ತೋಪು ಓಡಿ ಹೋಗ್ತದ, ಅದು ತಪ್ಪಲ್ಲ. ಆದ್ರ ಅದನ್ನ ಕಿತ್ತೋರು ಯಾರು?

ಒಂದ್ ರಾತ್ರಿ ರಾಜಸ್ಥಾನದ ಮಹಾಜನ್ ರೇಂಜಿನ್ಯಾಗ ಎಕ್ಸರ್‌ಸೈಸ್, ಜನವರಿ ಥಂಡಿ, ಉಸುಕು ಐಸ್ ಆದಂಗ ಆಗಿತ್ತು. ಆರೇಳು ಗೋಲಾ ಹೊಡ್ದು ಆಗಷ್ಟೇ ಬಂದ ಚಾದ ಮಗ್ ಹಿಡ್ಕೊಂಡು ಕುಂತಿದ್ವಿ, ವೈರ್‌ಲೆಸ್ ಮ್ಯಾಲ ಹೊಸ ಟಾರ್ಗೆಟ್ ಬಂತು, ಲೆಕ್ಕ ಹಾಕಿದ್ರ ನಮ್ಮ ಆರ್ಕಿನ, ಅಂದ್ರ ಆ 50 ಡಿಗ್ರಿಯ, ಹೊರಗ. ಎಷ್ಟು ಹೊರಗ ಅಂದ್ರ ಬರೋಬ್ಬರಿ ಮೂರು ಡಿಗ್ರಿ. ಮೂರೇ ಮೂರು. ನಮ್ಮ ನಂಬರ್ ವನ್, ಅಂದ್ರ ತೋಪಿನ ಮುಖ್ಯಸ್ಥ, ಹವಾಲ್ದಾರ್ ಸಾಬ್ ಏನೂ ಮಾತಾಡ್ಲಿಲ್ಲ, ಮಗ್ಗಿನಾಗಿನ ಚಾ ನೆಲಕ್ಕ ಚೆಲ್ಲಿದ, ಅದನ್ನ ನೋಡೇ ನಮಗ ತಿಳೀತು. ಸಲಿಕಿ ಹಿಡ್ದು ಸ್ಪೇಡಿನ ಸುತ್ತ ತೋಡು, ಹಾರಿ ಹಾಕಿ ಮೀಟು, ಎಲ್ಲಾರೂ ಟ್ರೇಲಿಗಿ ಹೆಗಲು ಕೊಟ್ಟು "ಜೋರ್ ಲಗಾಕೆ ಹೈಶಾ" ಅಂತ ಒದರು, ಒಂದ್ ಗೇಣು ಸರೀತದ, ಮತ್ತ ಒದರು. ಕಬ್ಬಿಣ ಎಷ್ಟು ಥಂಡಿ ಇತ್ತಂದ್ರ ಅಂಗೈ ಅಂಟ್ಕೊಂಡಂಗ ಆಗ್ತಿತ್ತು. ಊರಾಗ ಮಳಿಗಾಲಕ್ಕ ಯರಿ ಹೊಲದಾಗ ತೊಗರಿ ಹೇರಿದ ಗಾಡಿ ಹುಗದ್ರ ಹೆಂಗ್ ಆಗ್ತದ ಗೊತ್ತದಲ್ಲ, ಅಚ್ಚು ತನಕ ಇಳದಿರ್ತದ, ಎತ್ತು ಮೊಣಕಾಲೂರಿ ಕುಂದರ್ತಾವ, ಹಂಗ. ಇಲ್ಲಿ ಎತ್ತೂ ನಾವೇ.

ತಿರಗಿಸಿದ್ವಿ. ಮತ್ತ ತೆಗ್ಗು ತೋಡಿ ಸ್ಪೇಡು ಕೂಡಿಸಿದ್ವಿ, ಗುರಿ ನೋಡೋ ಸೈಟ್ ಮತ್ತ ಹೊಂದಿಸಿದ್ವಿ. ರೆಡಿ ಅಂತ ಹೇಳೋದ್ರಾಗ ಆ ಟಾರ್ಗೆಟ್ ಪಕ್ಕದ ಬ್ಯಾಟರಿಯವ್ರು, ಅಂದ್ರ ಬಾಜೂಕಿನ ತೋಪಿನ ತಂಡದವ್ರು, ಹೊಡ್ದು ಮುಗಸ್ಯಾರ ಅಂತ ಸುದ್ದಿ ಬಂತು. ಆ ಸಲ ಯಾರೂ ನಗಲಿಲ್ಲ. ಇದು ಎಕ್ಸರ್‌ಸೈಸು, ಖರೇ ಯುದ್ಧ ಇದ್ದು ಆ ಕಡಿಂದ ಗೋಲಾ ಬರ್ಲತ್ತಿದ್ರ ನಾವ್ ಅಷ್ಟೊತ್ತು ತೋಡ್ಕೋತ ನಿಂದರ್ತಿದ್ವೇನು.

ಇನ್ನ ಜಾಗಾ ಬಿಟ್ಟು ಹೋಗೋ ಮುಂದ ಬ್ಯಾರೇನೇ ಕತಿ. 130 ನಳಗಿ ಉದ್ದ, ಏಳು ಮೀಟರ್ ದಾಟ್ತದ, ಹಂಗೇ ಎಳ್ಕೊಂಡು ರೋಡಿನ್ಯಾಗ ಹೋದ್ರ ತಿರವಿನ್ಯಾಗ ಮಂದಿ ಮನಿ ಗ್ವಾಡಿ ಕೆಡವ್ತದ. ಅದಕ್ಕ ನಳಗಿನ ಹಿಂದಕ್ಕ ಟ್ರೇಲ್ ಮ್ಯಾಲ ಜಗ್ಗಿ ಕೂಡಸಬೇಕು, ಟ್ರೇಲ್ ತುದಿ ಎತ್ತಿ ಲಿಂಬರ್ ಅಂತ ಎರಡು ಗಾಲಿ ಸಣ್ಣ ಗಾಡಿ ಮ್ಯಾಲ ಇಡಬೇಕು, ಆಮ್ಯಾಲ ಟ್ರಕ್ಕಿಗಿ ಕಟ್ಟಬೇಕು. ಪ್ರತಿ ಸಲ.

ಮತ್ತ ಕಿವಿ. ನಳಗಿ ತುದಿಗಿ ಒಂದು ಮೂತಿ ಇರ್ತದ, ಬುಂದಿ ಕರಿಯೋ ಝಾರಾದಂಗ ತುಂಬ ತೂತು, ಅದರಾಗಿಂದ ಹೊಗಿ ಬೆಂಕಿ ಬಾಜೂಕ್ಕ ಬರ್ತದ, ಬಾಜೂಕ್ಕ ನಿಂತಿರೋರು ನಾವು. ಬೋಫೋರ್ಸಿಂದು ಧಡ್ ಅಂತ ದಪ್ಪ ಸಪ್ಪಳ, 130ದು ಛಟ್ ಅಂತ ತಲಿಯೊಳಗ ಸೂಜಿ ಹೊಕ್ಕಂಗ. ಎಡಗಿವಿ ಅಲ್ಲೇ ಹೋತು. ಆಗಿನ ಹುಡುಗ್ರು ನಾವು, ಕಿವ್ಯಾಗ ಹತ್ತಿ ಇಟ್ಕೊಂಡ್ರ ನಗತಿದ್ರು.

ಬೋಫೋರ್ಸ್ ಅಂದ್ರ ಸ್ವೀಡನ್ನಿನ ಎಫ್‌ಎಚ್-77ಬಿ, 155 ಎಂಎಂ. ಬಂದ ಮೊದಲ ವಾರ ನಮಗ ನಂಬಿಕಿನೇ ಆಗ್ಲಿಲ್ಲ. ಹನ್ನೆರಡು ಟನ್ ತೋಪು, ಆದ್ರ ಅದರದೇ ಒಂದು ಎಂಜಿನ್ ಅದ. ಟ್ರಕ್ ಬಿಚ್ಚಿದ ಮ್ಯಾಲೂ ತಾನೇ ಗಡಗಡ ಅಂತ ನಡೀತದ, ಹಿಂದಿನ ಕಾಲಿಗಿ ಸಣ್ಣ ಗಾಲಿ ಅದಾವ, ಅವೇ ಕಾಲು ಎತ್ತಿ ಕೊಡ್ತಾವ, ಒಬ್ಬ ಕುಂತು ಹ್ಯಾಂಡಲ್ ತಿರವಿದ್ರ ತೋಪು ಮೂತಿ ಬದಲ್ ಮಾಡ್ತದ. ಮೊದಲ ಸಲ ಅದು ತಾನೇ ತಿರಗಿದ್ದು ನೋಡಿ ನಮ್ಮ ಜೋಡಿದಾರ ಒಬ್ಬ, ಯಾದಗಿರಿ ಕಡಿಯವ, ಟೋಪಿ ತೆಗ್ದು ಅದಕ್ಕ ನಮಸ್ಕಾರ ಮಾಡಿದ. ಗೋಲಾ ಎತ್ತಲಕ್ಕ ಸಣ್ಣ ಕ್ರೇನ್ ಅದ, ಮೂರು ಗೋಲಾ ಒಮ್ಮೆಲೆ ಎತ್ತಿ ಮ್ಯಾಲ ಇಡ್ತದ, ನಲವತ್ತು ಕಿಲೋ ದಾಟಿದ ಗೋಲಾ ಎದಿಗಿ ಅವಚ್ಕೊಂಡು ಓಡೋ ಕೆಲಸ ಇಲ್ಲ. ಆ ಮೂರೂ ಹನ್ನೆರಡು-ಹದಿನೈದು ಸೆಕೆಂಡಿನ್ಯಾಗ ಹೊಡೀತದ. ಹೊಡ್ದು ಆ ಕಡಿಯವ್ರು ನಮ್ಮ ಜಾಗಾ ಹುಡುಕೋದ್ರಾಗ ಅಲ್ಲಿಂದ ಕಾಲು ಕೀಳಬೇಕು, ಇದೇ ಅದರ ಮುಖ್ಯ ಗುಣ.

ಈ ಗುಣಕ್ಕೇ ಅದನ್ನ ಕೊಂಡಿದ್ದು ಸೈತ. 1986ರ ಮುಂಚಿ ಫ್ರಾನ್ಸಿನ ಸೋಫ್ಮಾ ತೋಪು ರೇಸಿನ್ಯಾಗ ಮುಂದಿತ್ತು, ದೂರದ ಲೆಕ್ಕದಾಗ ಅದೇ ಜಾಸ್ತಿ. ಆಮ್ಯಾಲ ಪಾಕಿಸ್ತಾನದವ್ರ ಕಡಿ ಅಮೆರಿಕದ ರಾಡಾರ್ ಬಂತು, ಹಾರೋ ಗೋಲಾ ನೋಡಿ ತೋಪು ಎಲ್ಲದ ಅಂತ ಹಿಂದಕ್ಕ ಲೆಕ್ಕ ಹಾಕೋದು. ಆವಾಗ ಲಗೂನ ಹೊಡ್ದು ಲಗೂನ ಓಡೋದೇ ದೊಡ್ಡದಾಯ್ತು. ಮಾರ್ಚ್ 1986ರಾಗ 410 ತೋಪು, 1,437 ಕೋಟಿ ರೂಪಾಯಿ. ಮುಂದಿನ ಏಪ್ರಿಲ್‌ನ್ಯಾಗ ಸ್ವೀಡನ್ ರೇಡಿಯೋ ಲಂಚದ ಸುದ್ದಿ ಹೇಳ್ತು, ಅಲ್ಲಿಂದ ಮುಂದಿಂದು ನಿಮಗೇ ಗೊತ್ತದ. ನಾ ರಜಾಕ್ಕ ಊರಿಗಿ ಬಂದ್ರ ಕಟ್ಟಿ ಮ್ಯಾಲ ಕುಂತ ಮುದುಕ್ರು "ಏನಪಾ, ಆ ಕಳ್ಳ ತೋಪಿನ ಮ್ಯಾಲ ಇದ್ದೀ ಏನು" ಅಂತ ಕೇಳೋರು. ಲಂಚ ಯಾರ್ ತಿಂದ್ರೋ, ತೋಪು ಮಾತ್ರ ಲಂಚ ತಿಂದಿದ್ದಿಲ್ಲ. ಆದ್ರ ಆ ಗದ್ದಲದಾಗ ಕಂಪನಿ ಜೋಡಿ ವ್ಯವಹಾರ ಬಂದ್, ಸ್ಪೇರ್ ಪಾರ್ಟ್ಸ್ ಬಂದ್, ಒಂದು ತೋಪಿಂದು ಕಿತ್ತಿ ಇನ್ನೊಂದಕ್ಕ ಹಾಕೋ ಪರಿಸ್ಥಿತಿ ಬಂತು. 130ಕ್ಕ ಆ ತ್ರಾಸ ಕಡಿಮಿ, ಕೆಡಲಕ್ಕ ಅದರಾಗ ಏನದ? ಈ ಒಂದು ಮಾತಿನ್ಯಾಗ ಟ್ರ್ಯಾಕ್ಟರ್ ತಂದ ನಮ್ಮ ತಮ್ಮನ ವಾದಕ್ಕ ನಾ ತಲಿ ಬಾಗ್ತೀನಿ.

ಕಾರ್ಗಿಲ್. 1999ರಾಗ ದ್ರಾಸ್ ಕಡಿ ನಾವಿದ್ವಿ. ಅಲ್ಲಿ ಎರಡೂ ತೋಪು ಇದ್ವು, 105 ಎಂಎಂ ಸಣ್ಣ ತೋಪೂ ಇದ್ವು. ಶ್ರೀನಗರ-ಲೇಹ್ ರೋಡು ತೆಳಗ, ಪಾಕಿಸ್ತಾನದವ್ರು ಮ್ಯಾಲ ಗುಡ್ಡದ ತುದಿಗಿ, ನಾವ್ ಮಾಡೋದೆಲ್ಲಾ ಅವ್ರಿಗಿ ಕಾಣ್ತದ. ಅಂಥಲ್ಲಿ 130 ನಳಗಿ ಮ್ಯಾಲ ಏಳೋದು 45 ಡಿಗ್ರಿ, ಗೋಲಾ ಸೀದಾ ಚಪ್ಪಟಿ ಹೋಗ್ತದ, ಗುಡ್ಡದ ಈ ಮುಖಕ್ಕ ಹೊಡೀರಿ ಅಂದ್ರ ಹೊಡೀತದ, ಆ ಬೆನ್ನಿಗಿ ಕುಂತವ್ರಿಗಿ ಮುಟ್ಟೋದು ಕಷ್ಟ. ಬೋಫೋರ್ಸ್ 70 ಡಿಗ್ರಿ ತನಕ ಏಳ್ತದ, ಮ್ಯಾಲ ಎತ್ತಿ ಒಗದ್ರ ಮಾಳಗಿ ಮ್ಯಾಲಿಂದ ಹಿಂದಿನ ಅಂಗಳಕ್ಕ ಕಲ್ಲು ಒಗದಂಗ ಬೀಳ್ತದ. ಮತ್ತ ಅಲ್ಲಿ ಗಾಳಿ ತೆಳು ಇರೋದಕ್ಕ ಗೋಲಾ ಮಾಮೂಲಿಗಿಂತ ದೂರ ಹೋಗ್ತಿತ್ತು, ಬಯಲಿನ ಲೆಕ್ಕ ಹಿಡ್ದು ಹೊಡದ್ರ ಟಾರ್ಗೆಟ್ ದಾಟಿ ಬೀಳ್ತಿತ್ತು, ಆ ಲೆಕ್ಕ ಕೂಡಿಸ್ಕೊಳ್ಳೋದ್ರಾಗ ಆಫೀಸರ್‌ಗಳಿಗಿ ನಿದ್ದಿ ಇಲ್ಲ. ಜೂನ್ 13ಕ್ಕ ತೋಲೋಲಿಂಗ್ ಗುಡ್ಡ, ಜುಲೈ 4ಕ್ಕ ಟೈಗರ್ ಹಿಲ್ ನಮ್ಮವ್ರ ಕೈಗಿ ಬಂತು. ಟೈಗರ್ ಹಿಲ್ಲಿಗಿ ಬೋಫೋರ್ಸ್ ಮೂತಿ ಇಳಿಸಿ ಸೀದಾ ಕಣ್ಣಿಗಿ ಕಾಣೋ ಬಂಕರಿಗೇ ಹೊಡದ್ರು, ರೈಫಲ್ ಹೊಡದಂಗ. ಹೊಡ್ದು ಹೊಡ್ದು ನಳಗಿ ಕಾದು ನಮ್ಮ ತೋಪಿನ ಪೇಂಟ್ ಗುಳ್ಳಿ ಎದ್ದಿತ್ತು, ಒಬ್ಬ ಹುಡುಗ ಆ ನಳಗಿ ಮ್ಯಾಲ ಒದ್ದಿ ಕಾಲ್ಚೀಲ ಒಣಗ್ಸಿದ.

ಬಾಕಿಯವು ಒಂದೊಂದು ಮಾತಿನ್ಯಾಗ. 105 ಹಗುರ, ಮಾತೂ ಹಗುರ. ಅಮೆರಿಕದಿಂದ ಕೊಂಡ ಎಂ777 ತೋಪು ಹೆಲಿಕಾಪ್ಟರಿಗಿ ಜೋತು ಬಿಟ್ಟು ಒಯ್ಯಬಹುದಂತ, ನಾ ರಿಟೈರ್ ಆದ ಮ್ಯಾಲ ಬಂದಿದ್ದು. ಧನುಷ್ ಅಂದ್ರ ಬೋಫೋರ್ಸಿನ ಡ್ರಾಯಿಂಗ್ ಹಿಡ್ದು ಜಬಲ್‌ಪುರದಾಗ ಮಾಡಿದ್ದು, ನಳಗಿ ಇನ್ನೂ ಉದ್ದ, 2019ರಾಗ ಮೊದಲ ಆರು ಫೌಜಿಗಿ ಕೊಟ್ರು, ಆ ಡ್ರಾಯಿಂಗ್ ಎಂಬತ್ತರ ದಶಕದಿಂದನೇ ನಮ್ಮ ಕಡಿ ಬಿದ್ದಿದ್ವು, ಸಿಟ್ಟು ಬರ್ತದ.

ಶಾರಂಗ್ ಬಗ್ಗಿ ಮಾತ್ರ ನಮ್ಮ ತಮ್ಮ ಎಲ್ಲೋ ವಿಡಿಯೋ ನೋಡಿ ಬಂದು ಕುಣದಾಡಿದ. ಹಳೇ 130ಕ್ಕ 155ರ ನಳಗಿ ಹಾಕಿದ್ದು, 27 ಕಿಲೋಮೀಟರ್ ಹೊಡಿಯೋದು ಈಗ 36ರ ಮ್ಯಾಲ ಹೊಡೀತದ, 2018ರಾಗ 300 ತೋಪಿಗಿ ಆರ್ಡರ್ ಆಗ್ಯಾದ. ರೊಕ್ಕದ ಲೆಕ್ಕಕ್ಕ ಇದು ಶಾಣ್ಯಾತನದ ಕೆಲಸ, ಗಟ್ಟಿಮುಟ್ಟಾದ ಗಾಡಿ ಅದಾವ, ಗೋಲಾ ಎಲ್ಲಾ ಒಂದೇ ಸೈಜ್ ಆದ್ರ ಸಪ್ಲೈ ಸಲೀಸು, ಹೊಸಾದು ಯಾಕ್ ಕೊಳ್ಬೇಕು. ನಾ ಡೆಲ್ಲಿಯಾಗ ಫೈಲಿನ ಮುಂದ ಕುಂದರೋನಾಗಿದ್ರ ಅದಕ್ಕೇ ಸಹಿ ಹಾಕ್ತಿದ್ದೆ. ಬಯಲು ನಾಡು, ತೋಪು ಇಟ್ಟಲ್ಲೇ ಇರ್ತದ, ಟಾರ್ಗೆಟ್ ಎದುರಿಗೇ ಅದ ಅಂದ್ರ 130 ಸಾಕು, ರೊಕ್ಕನೂ ಉಳೀತದ. ಆದ್ರ ನಾ ಫೈಲಿನ ಮುಂದ ಕುಂತವ ಅಲ್ಲ, ಟ್ರೇಲಿಗಿ ಹೆಗಲು ಕೊಟ್ಟವ, ಅದಕ್ಕ ತಾನೇ ನಡಿಯೋ ತೋಪು ಯಾವುದೋ ಅದೇ ನನಗ ಚಲೋ. ಮೂರು ಡಿಗ್ರಿ ಸಲುವಾಗಿ ಚಾ ಚೆಲ್ಲಿದ್ದು ನಾ ಮರ್ತಿಲ್ಲ.

ಇದೆಲ್ಲಾ ಬರೀಲತ್ತಾಗೇ ಕಾಕಾನ ಮಗನ ಫೋನ್ ಬಂತು, ನಾಳಿ ಮುಂಜಾನಿ ಆರಕ್ಕ ಟ್ರ್ಯಾಕ್ಟರ್ ದೂಡ್ಲಕ್ಕ ಬಾ ಅಣ್ಣಾ ಅಂತ. ಫೋನ್ ಎಡಗಿವಿಗಿ ಹಿಡದು "ಏನೂ ಕೇಳಿಸ್ವಲ್ದು ತಮ್ಮಾ" ಅಂದು ಇಟ್ಟೆ.